ಕಾರ್ನಿವಲ್ ವಾರದಲ್ಲೇ ಅಪ್ಪ-ಅಮ್ಮ ಕೊಲೋನ್‌ಗೆ ಬರ್ತಿದ್ದಾರೆ, ಟಿಕೆಟ್ ಬದಲಿಸ್ಲಾ?

ತುಂಗೆಯ ಮಗಳು (ಕೊಲೋನ್) · 11 ಜನವರಿ 2026, ರಾತ್ರಿ 9:20

ಎಲ್ಲರಿಗೂ ನಮಸ್ಕಾರ. ಅಪ್ಪ-ಅಮ್ಮ ಮೊದಲ ಸಲ ಜರ್ಮನಿಗೆ ಬರ್ತಿದ್ದಾರೆ. ಫೆಬ್ರವರಿ 12ರ ಗುರುವಾರ ಬೆಳಿಗ್ಗೆ ಎಂಟೂವರೆ ಹೊತ್ತಿಗೆ ಫ್ರಾಂಕ್‌ಫರ್ಟ್‌ನಲ್ಲಿ ಇಳೀತಾರೆ. ಊರಲ್ಲಿರೋ ತಮ್ಮ ಕಮ್ಮಿ ದರ ಸಿಕ್ತು ಅಂತ ಆ ದಿನಕ್ಕೆ ಬುಕ್ ಮಾಡಿದ. ಆಫೀಸಲ್ಲಿ ರಜೆ ಕೇಳಿದ್ರೆ ಟೀಮಿನವರೆಲ್ಲ ಒಬ್ಬರ ಮುಖ ಒಬ್ಬರು ನೋಡ್ಕೊಂಡ್ರು. ಅವತ್ತು ಇಲ್ಲಿ ವೈಬರ್‌ಫಾಸ್ಟ್‌ನಾಖ್ಟ್, ಅಂದ್ರೆ ಬೀದಿ ಕಾರ್ನಿವಲ್ (ವೇಷ ಹಾಕಿ ಕುಣಿಯೋ ಇಲ್ಲಿನ ದೊಡ್ಡ ಹಬ್ಬ) ಶುರುವಾಗೋ ದಿನ. ಸೋಮವಾರ 16ಕ್ಕೆ ರೊಸೆನ್‌ಮೊಂಟಾಗ್‌ನ ದೊಡ್ಡ ಮೆರವಣಿಗೆ. ನನ್ನ ಮನೆ ಸ್ಯೂಡ್‌ಸ್ಟಾಟ್‌ನಲ್ಲಿ, ಅಂದ್ರೆ ಗದ್ದಲದ ನಟ್ಟನಡುವೆ.

ಅಪ್ಪನಿಗೆ ಮಂಡಿನೋವು. ಅಮ್ಮ ಮೊಟ್ಟೆಯನ್ನೂ ಮುಟ್ಟಲ್ಲ. ಮೇಲಾಗಿ 15ರ ಭಾನುವಾರ ಮಹಾಶಿವರಾತ್ರಿ, ಇಬ್ಬರಿಗೂ ಉಪವಾಸ. ಟಿಕೆಟ್ ಒಂದು ವಾರ ಮುಂದಕ್ಕೆ ಹಾಕೋಕೆ ಕೇಳ್ತಿರೋ ದುಡ್ಡು ಕಮ್ಮಿಯೇನಿಲ್ಲ. ಆದ್ರೂ ಹಾಕ್ಬಿಡ್ಲಾ? ನಾನು ಹೋದ ಬೇಸಿಗೆಯಲ್ಲಷ್ಟೇ ಬಂದವಳು, ಕಾರ್ನಿವಲ್ ಕಣ್ಣಾರೆ ನೋಡಿಲ್ಲ. ಅನುಭವ ಇರೋರು ಹೇಳಿ.

ಬಿಸಿಬೇಳೆಬಾತ್ (ಮ್ಯೂನಿಕ್) · 11 ಜನವರಿ, ರಾತ್ರಿ 10:05

ಬದಲಿಸಿ ಮೇಡಂ, ಯೋಚನೆನೇ ಬೇಡ. ಮ್ಯೂನಿಕ್‌ಗೆ ಬರೋ ಮುಂಚೆ ನಾನೂ ಕೊಲೋನ್‌ನಲ್ಲಿ ಇದ್ದೆ. ಆ ಗುರುವಾರ ಬೆಳಿಗ್ಗೆ ಒಂಬತ್ತಕ್ಕೇ ಲೋಕಲ್ ಟ್ರೇನ್‌ಗಳು ತುಂಬಿ ತುಳುಕ್ತಿರುತ್ವೆ. ವೇಷ ಹಾಕಿದ ಹುಡುಗ-ಹುಡುಗಿಯರು ಕ್ರೇಟುಗಟ್ಟಲೆ ಬಿಯರ್ ಹಿಡ್ಕೊಂಡು ಸುತ್ತಮುತ್ತಲ ಊರುಗಳಿಂದ ಬರ್ತಾರೆ. ಮುಖ್ಯ ನಿಲ್ದಾಣದಲ್ಲಿ ಲಿಫ್ಟ್ ಮುಂದೆ ನಿಲ್ಲೋಕೂ ಜಾಗ ಇರಲ್ಲ. ರಾತ್ರಿಯಿಡೀ ವಿಮಾನದಲ್ಲಿ ಕೂತು ಬಂದ ಹಿರಿಯರು, ನಾಲ್ಕು ದೊಡ್ಡ ಸೂಟ್‌ಕೇಸು, ಮಂಡಿನೋವು. ಅವರಿಗೆ ಈ ದೇಶದ ಮೊದಲ ನೋಟ ಅದಾಗ್ಬಾರದು.

ಹಲಗಿ ಮ್ಯಾಳ (ಕೊಲೋನ್, ಮೂಲ ಧಾರವಾಡ) · 12 ಜನವರಿ, ಬೆಳಿಗ್ಗೆ 7:15

ತಂಗಿ, ಟಿಕೆಟ್ ಬದಲಿ ಮಾಡಬ್ಯಾಡ. ಮುಂದಿನ ವಾರಕ್ಕ ಹಾಕಿದ್ರ ನಿಮ್ಮ ಅಪ್ಪ-ಅವ್ವಗ ಸಿಗೋದು ಖಾಲಿ ಬೀದಿ, ಬೂದಿ ಬಣ್ಣದ ಮುಗಿಲು, ಆರಕ್ಕ ಕತ್ತಲಿ. ಫೆಬ್ರವರಿ ತಿಂಗಳದಾಗ ಈ ಊರಿಗೆ ಜೀವ ಅಂತ ಇರೋದ ಆ ಆರು ದಿನ. ಗುರುವಾರದ್ದೊಂದು ದಾರಿ ಹುಡುಕೂಣು, ಉಳಿದದ್ದು ತಾನ ಸರಿ ಹೋಗ್ತದ.

ಮೊದಲ ಲೆಕ್ಕ ತಿಳಕೊ. ಈ ಹಬ್ಬ ಹೋದ ನವೆಂಬರ್ 11ಕ್ಕ ಬೆಳಿಗ್ಗೆ 11 ಗಂಟೆ 11 ನಿಮಿಷಕ್ಕನ ಶುರು ಆಗೇದ. ನಡುವ ಕ್ರಿಸ್‌ಮಸ್ಸಿಗೆ ತಣ್ಣಗ ಇದ್ದು, ಈಗ ಸಭಾಭವನದೊಳಗ ನಡದದ. ಬೀದಿಗೆ ಬರೋದು ಗುರುವಾರ, ಮತ್ತ ಅದ 11:11ಕ್ಕ. ಅವತ್ತು ಹೆಣ್ಮಕ್ಕಳದ ಆಡಳಿತ. ಕತ್ತರಿ ಹಿಡಕೊಂಡು ಗಂಡಸರ ಟೈ ಕತ್ತರಿಸ್ತಾರ, ಗಲ್ಲಕ್ಕ ಒಂದು ಮುತ್ತು ಕೊಟ್ಟು ಹೋಗ್ತಾರ. ನಮ್ಮ ಆಫೀಸಿನಾಗ ದೊಡ್ಡ ಸಾಹೇಬ್ರೂ ಅವತ್ತು ಹಳೇ ಟೈ ಹುಡುಕಿ ಕಟ್ಕೊಂಡು ಬರ್ತಾರ. ಶುಕ್ರವಾರ ಸ್ವಲ್ಪ ತಂಪು. ರವಿವಾರ ಸಾಲಿ ಮಕ್ಕಳ ಮತ್ತ ಓಣಿ ಓಣಿ ಮಂದಿ ಮೆರವಣಿಗಿ. ನನ್ನ ಕೇಳಿದ್ರ ಅದ ಖರೇ ಕಾರ್ನಿವಲ್. ಒಂದು ಸಾಲಿ ಹುಡುಗರೆಲ್ಲಾ ಬಣ್ಣದ ಪೆನ್ಸಿಲ್ ಆಗಿ ಬರ್ತಾರ, ಅವರ ಅಪ್ಪ-ಅವ್ವಂದಿರು ತಿಂಗಳಗಟ್ಟಲೆ ಕೂತು ಹೊಲದಿರ್ತಾರ. ಕುಡುಕರ ಕಾಟ ಕಮ್ಮಿ, ಅಜ್ಜ-ಅಜ್ಜಿ ಭಾಳ.

ಸೋಮವಾರದ್ದು 1823ರಿಂದ ನಡಕೊಂಡ ಬಂದದ್ದು. ಆಗ ಕೊಲೋನ್ ಪ್ರಷ್ಯಾದ ಕೈಕೆಳಗ ಇತ್ತು. ಆ ಸಿಪಾಯಿಗಳ ಶಿಸ್ತು ಅಣಕಿಸಾಕ ಕೆಂಪು-ಬಿಳಿ ಸಮವಸ್ತ್ರದ ದಳ ಕಟ್ಟಿದ್ರು. ಇವತ್ತಿಗೂ ಅವರು ಕಟ್ಟಿಗಿ ಬಂದೂಕು ಹೊತ್ಕೊಂಡು, ಬೆನ್ನಿಗೆ ಬೆನ್ನು ಕೊಟ್ಟು ತಿಗ ತಿಕ್ಕಿ ಕುಣೀತಾರ. ಹಬ್ಬಕ್ಕ ದೊರೆಗಳಾಗೋ ಮೂವರೊಳಗ ಒಬ್ಬ ರಾಜಕುಮಾರ, ಒಬ್ಬ ರೈತ, ಒಬ್ಬಾಕಿ ಕನ್ಯೆ. ಆ ಕನ್ಯೆ ಪಾತ್ರ ಹಾಕಾಂವ ಗಂಡಸ. ಸ್ತ್ರೀವೇಷದ ಬಯಲಾಟ ನೋಡಿದ ನಮ್ಮ ಹಿರಿಯಾರಿಗೆ ಇದು ಹೊಸದೇನಲ್ಲ.

ಇನ್ನ ನನಗ ಭಾಳ ಸೇರೋದು ಮಂಗಳವಾರ ರಾತ್ರಿ. ಹಬ್ಬದಾಗ ಪಬ್ಬಿನ ಬಾಗಿಲ ಮ್ಯಾಲೆ ಹುಲ್ಲಿನ ಗೊಂಬಿ ಒಂದು ತೂಗ್ತಿರ್ತದ, ಹಳೇ ಅಂಗಿ-ಪ್ಯಾಂಟು ತೊಡಿಸಿರ್ತಾರ. ಅದರ ಹೆಸರು ನುಬ್ಬೆಲ್. ನಡುರಾತ್ರಿಗೆ ಅದನ್ನ ಇಳಿಸಿ ಹೆಣದಂಗ ಹೊರ್ತಾರ. ಪಾದ್ರಿ ವೇಷದಾಂವ ಮುಂದ, ಮಂದಿ ಮೇಣಬತ್ತಿ ಹಿಡಕೊಂಡು ಅಳಕೋತ ಹಿಂದ. ರೊಕ್ಕ ಕಳದಾಂವ ಯಾರು ಅಂತ ಆಂವ ಕೇಳ್ತಾನ, ಎಲ್ಲಾರೂ 'ನುಬ್ಬೆಲ್!' ಅಂತ ಒದರ್ತಾರ. ಕುಡಿಸಿ ಕೆಡಿಸಿದಾಂವ ಯಾರು? ನುಬ್ಬೆಲ್! ಆಮ್ಯಾಲೆ ಬೆಂಕಿ ಹಚ್ಚತಾರ. ಮೊದಲ ಸಲ ನೋಡಿದಾಗ ನಾ ಹಂಗ ನಿಂತಬಿಟ್ಟೆ. ನಮ್ಮ ಓಣ್ಯಾಗ ಹೋಳಿ ಹುಣ್ಣಿಮಿಗೆ ಕಾಮಣ್ಣನ್ನ ಸುಟ್ಟು, ಹಲಗಿ ಬಡಕೋತ, ಬಾಯಿ ಬಾಯಿ ಬಡಕೊಂಡು ಅತ್ತದ್ದು ಕಣ್ಣಮುಂದ ಬಂತು. ಹಲಗಿ ಒಂದು ಇರಲಿಲ್ಲ. ಹೋದ ವರ್ಷದಿಂದ ನಾ ಹಲಗಿ ಒಯ್ತೇನಿ, ಪಬ್ಬಿನ ಮಾಲಕನ ನನಗ ಮುಂದ ನಿಲ್ಲು ಅಂತಾನ.

ಬಿಸಿಬೇಳೆಬಾತ್ (ಮ್ಯೂನಿಕ್) · 12 ಜನವರಿ, ಬೆಳಿಗ್ಗೆ 8:40

ಹಲಗಿ ಅಣ್ಣ, ನೀವು ಹೇಳಿದ್ದೆಲ್ಲ ಚೆನ್ನಾಗಿದೆ. ಆದ್ರೆ ಗುರುವಾರದ ಪ್ರಶ್ನೆ ಹಾಗೇ ಉಳೀತು. ವಿಮಾನ ಎಂಟೂವರೆಗೆ ಇಳಿದ್ರೆ, ಇಮಿಗ್ರೇಷನ್, ಲಗೇಜು ಮುಗಿಸಿ ಹತ್ತು ಗಂಟೆ ರೈಲು. ಕೊಲೋನ್ ತಲುಪೋದು ಸರಿಯಾಗಿ 11:11ಕ್ಕೆ!

ಕುಡ್ಲದ ಗಾಳಿ (ಡ್ಯೂಸೆಲ್ಡಾರ್ಫ್) · 12 ಜನವರಿ, ಮಧ್ಯಾಹ್ನ 12:30

ರೈಲಿನ ವಿಷಯ ಬಂತಲ್ಲ, ಆದ ಕಾರಣ ಬರೀತಿದ್ದೇನೆ. ಮೂರ್ನಾಲ್ಕು ವರ್ಷದ ಹಿಂದೆ ಅಪ್ಪ ಬಂದಿದ್ದಾಗ ಬರ್ಲಿನ್‌ನಿಂದ ವಾಪಸು ಬರ್ತಿದ್ದೆವು. ಆ ದಾರಿಯಲ್ಲಿ ಹಾಮ್ ಅಂತ ಒಂದು ಜಂಕ್ಷನ್ ಉಂಟು. ಎರಡು ರೈಲು ಮೂತಿಗೆ ಮೂತಿ ಸೇರಿಸಿ ಒಂದೇ ರೈಲಾಗಿ ಬರ್ತದೆ, ಹಾಮ್‌ನಲ್ಲಿ ಬೇರೆ ಬೇರೆ ಮಾಡ್ತಾರೆ. ಒಂದು ಡಾರ್ಟ್‌ಮುಂಡ್, ಎಸ್ಸೆನ್ ಮೇಲೆ ಡ್ಯೂಸೆಲ್ಡಾರ್ಫ್‌ಗೆ, ಇನ್ನೊಂದು ಹಾಗೆನ್, ವುಪರ್‌ಟಾಲ್ ಮೇಲೆ ಕೊಲೋನ್‌ಗೆ. ಒಂದರಿಂದ ಇನ್ನೊಂದಕ್ಕೆ ಒಳಗಿಂದ ದಾರಿ ಇಲ್ಲ ಮಾರಾಯ್ರೆ.

ಅಪ್ಪ ಕಾಲು ಸಡಿಲ ಮಾಡ್ಲಿಕ್ಕೆ ಅಂತ ಹಾಮ್‌ನಲ್ಲಿ ಪ್ಲಾಟ್‌ಫಾರ್ಮಿಗೆ ಇಳಿದ್ರು. ಸೀಟಿ ಕೇಳಿತು, ಹತ್ತಿರದ ಬಾಗಿಲಿಗೆ ಹತ್ತಿದ್ರು. ಅದು ಇನ್ನೊಂದು ರೈಲು. ನಾವು ನೋಡ್ತಾ ಇದ್ದ ಹಾಗೆ ಅದು ಬೇರೆ ಹಳಿಗೆ ತಿರುಗಿತು. ಅಪ್ಪನ ಫೋನಿನಲ್ಲಿ ಇಂಡಿಯಾದ ಸಿಮ್, ಟಿಕೆಟ್ ನನ್ನ ಫೋನಿನಲ್ಲಿ. ಅಮ್ಮ ಒಂದೇ ಸಮ ಕಟೀಲಮ್ಮನಿಗೆ ಹರಕೆ ಹೇಳ್ತಿದ್ರು.

ಅಪ್ಪನ ಅಂಗಿ ಕಿಸೆಯಲ್ಲಿ ನನ್ನ ಹೆಂಡತಿ ಬರೆದುಕೊಟ್ಟ ಒಂದು ಚೀಟಿ ಇತ್ತು. ಹೆಸರು, ಮನೆ ವಿಳಾಸ, ನಮ್ಮಿಬ್ಬರ ನಂಬರು, ಸಕ್ಕರೆ ಕಾಯಿಲೆ ಉಂಟು, ಕನ್ನಡ ಮತ್ತು ಸ್ವಲ್ಪ ಇಂಗ್ಲಿಷ್ ಬರ್ತದೆ ಅಂತ ಜರ್ಮನ್‌ನಲ್ಲಿ. ಟಿಕೆಟ್ ಕೇಳ್ಲಿಕ್ಕೆ ಬಂದ ಕಂಡಕ್ಟರಿಗೆ ಅದನ್ನು ಕೊಟ್ಟರಂತೆ. ಅಪ್ಪ ಸಹ ಕೆಎಸ್‌ಆರ್‌ಟಿಸಿಯಲ್ಲಿ ಕಂಡಕ್ಟರ್ ಆಗಿ ನಿವೃತ್ತರಾದವರು. ಪರ್ಸಿನಿಂದ ಹಳೇ ಗುರುತುಚೀಟಿ ತೆಗೆದು ತೋರಿಸಿದ್ದಾರೆ. ಆ ಮಹಾತಾಯಿ ಅಪ್ಪನನ್ನು ತನ್ನ ಹತ್ತಿರ ಕೂರಿಸಿಕೊಂಡು, ಚಹಾ ತರಿಸಿ, ನಮಗೆ ಫೋನ್ ಮಾಡಿದ್ರು. "ನಿಮ್ಮ ತಂದೆ ನನ್ನ ಸಹೋದ್ಯೋಗಿ, ಕೊಲೋನ್‌ನಲ್ಲಿ ಮಾಹಿತಿ ಕೌಂಟರ್ ಹತ್ತಿರ ನಿಲ್ಲಿಸ್ತೇನೆ" ಅಂದ್ರು. ನಾನು ಅಲ್ಲಿಗೆ ಓಡುವಾಗ ಅಪ್ಪ ಅವರ ಟಿಕೆಟ್ ಯಂತ್ರ ಕೈಯಲ್ಲಿ ಹಿಡಿದು ಪರೀಕ್ಷೆ ಮಾಡ್ತಾ ಇದ್ರು.

ಹಾಗಾಗಿ ನೀವು ಏನು ಮಾಡಿದ್ರೂ ಸರಿ, ಆ ಚೀಟಿ ಒಂದು ಇಬ್ಬರ ಕಿಸೆಯಲ್ಲೂ ಇರ್ಲಿ. ಇಬ್ಬರಿಗೂ ಬೇರೆ ಬೇರೆ. ಒಂದೇ ಚೀಟಿ ಬರೆದು ಅಮ್ಮನ ಬ್ಯಾಗಿನಲ್ಲಿ ಹಾಕಿದ್ರೆ ಪ್ರಯೋಜನ ಇಲ್ಲ.

ಒಗ್ಗರಣೆ ಡಬ್ಬಿ (ಬಾನ್ ಹತ್ತಿರ) · 12 ಜನವರಿ, ಸಂಜೆ 6:10

ತುಂಗೆಯ ಮಗಳೇ, ಗುರುವಾರಕ್ಕೆ ನನ್ನ ಹತ್ರ ಒಂದು ದಾರಿ ಇದೆ. ಫ್ರಾಂಕ್‌ಫರ್ಟ್ ವಿಮಾನ ನಿಲ್ದಾಣದಿಂದ ಕೊಲೋನ್‌ಗೆ ಹೋಗೋ ವೇಗದ ರೈಲುಗಳಲ್ಲಿ ಕೆಲವು ಸೀಗ್‌ಬುರ್ಗ್‌ನಲ್ಲಿ ನಿಲ್ತವೆ, ಕೊಲೋನ್‌ಗಿಂತ ಮುಂಚಿನ ನಿಲ್ದಾಣ. ಅಲ್ಲೇ ಇಳಿಸ್ಕೊಳ್ಳಿ, ನಾನು ಕಾರ್ ತರ್ತೀನಿ. ಕ್ಯೋನಿಗ್ಸ್‌ವಿಂಟರ್‌ನಲ್ಲಿ ನಮ್ಮನೆ, ರೈನ್ ದಡದಲ್ಲಿ. ಬಿಸಿ ಅನ್ನ, ತಿಳಿಸಾರು ಊಟ ಮಾಡಿ ಮಲಗಲಿ. ಶುಕ್ರವಾರ ಮಧ್ಯಾಹ್ನ ನಾವೇ ಕೊಲೋನ್‌ಗೆ ಬಿಟ್ಟುಬರ್ತೀವಿ. ಸಂಕೋಚ ಬೇಡ, ನನ್ನ ಅತ್ತೆಗೂ ಮಾತಾಡೋಕೆ ಜನ ಬೇಕು.

ರೈಲಿನ ಟಿಕೆಟ್ ಬಗ್ಗೆ: ಒಂದೇ ರೈಲಿಗೆ ಕಟ್ಟಿಹಾಕೋ ಅಗ್ಗದ ಟಿಕೆಟ್ ತಗೋಬೇಡಿ. ವಿಮಾನ ತಡವಾಗಿ ಆ ರೈಲು ತಪ್ಪಿದ್ರೆ ಟಿಕೆಟ್ ದಂಡ. ರೈಲೇ ತಡವಾದ್ರೆ ಮಾತ್ರ ಬೇರೆ ಲೆಕ್ಕ. ತಲುಪೋದು 20 ನಿಮಿಷಕ್ಕಿಂತ ತಡ ಆಗುತ್ತೆ ಅಂತಿದ್ರೆ ಬೇರೆ ರೈಲು ಹತ್ತಬಹುದು, ಒಂದು ಗಂಟೆ ತಡವಾದ್ರೆ ಕಾಲುಭಾಗ, ಎರಡು ಗಂಟೆಯಾದ್ರೆ ಅರ್ಧ ದುಡ್ಡು ವಾಪಸು ಕೇಳಬಹುದು. ಜನವರಿಯಿಂದ 63 ಯೂರೋ ಆಗಿರೋ ನಮ್ಮ ಡಾಯ್ಚ್‌ಲಾಂಡ್ ಟಿಕೆಟ್ (ಲೋಕಲ್ ರೈಲು-ಬಸ್ಸಿನ ತಿಂಗಳ ಪಾಸು) ವೇಗದ ರೈಲಿಗೆ ನಡೆಯಲ್ಲ, ನೆನಪಿರಲಿ. ಇನ್ನೊಂದು, ಮುಂದೆ ಯಾವತ್ತಾದ್ರೂ ನೇರ ಕೊಲೋನ್‌ಗೆ ಬಂದ್ರೆ ರೈಲು ಮುಖ್ಯ ನಿಲ್ದಾಣಕ್ಕೆ ಹೋಗುತ್ತಾ, ನದಿಯ ಆಚೆ ಡಾಯ್ಟ್ಸ್‌ನಲ್ಲಿ ನಿಲ್ಲುತ್ತಾ ನೋಡ್ಕೊಳ್ಳಿ. ಎಷ್ಟೋ ರೈಲು ಡಾಯ್ಟ್ಸ್‌ನಲ್ಲಷ್ಟೇ ನಿಂತು ಮುಂದಕ್ಕೆ ಹೋಗ್ತವೆ.

ಹೆಣ್ಣುಮಕ್ಕಳ ಗುರುವಾರ ಹುಟ್ಟಿದ್ದೇ ನಮ್ಮ ಪಕ್ಕದ ಬೊಯೆಲ್‌ನಲ್ಲಿ, ಗೊತ್ತಾ? 1824ರಲ್ಲಿ ಅಲ್ಲಿನ ಬಟ್ಟೆ ಒಗೆಯೋ ಹೆಂಗಸರು ತಮ್ಮದೇ ಸಮಿತಿ ಕಟ್ಕೊಂಡ್ರು. ಗಂಡಸರು ಕಾರ್ನಿವಲ್ ಅಂತ ಕೊಲೋನ್‌ಗೆ ಹೋಗಿ ಮಜಾ ಮಾಡ್ತಿದ್ರೆ ಇವರು ನದಿ ದಡದಲ್ಲಿ ಊರಿನೋರ ಕೊಳೆ ತೊಳೀಬೇಕಿತ್ತು. ಒಂದು ದಿನ ಕೆಲಸ ನಿಲ್ಲಿಸಿ ಎದ್ದು ನಿಂತ್ರು. ಇವತ್ತೂ ಪ್ರತಿವರ್ಷ ಅಗಸಗಿತ್ತಿಯರ ರಾಜಕುಮಾರಿಯನ್ನ ಆರಿಸಿ, ಅವಳ ಮುಂದಾಳತ್ವದಲ್ಲಿ ಬೊಯೆಲ್‌ನ ಪುರಭವನಕ್ಕೆ ನುಗ್ತಾರೆ. ನಿಮ್ಮಮ್ಮನಿಗೆ ನಿದ್ದೆ ಬರದೇ ಇದ್ರೆ ನಾನೇ ಕರ್ಕೊಂಡು ಹೋಗಿ ತೋರಿಸ್ತೀನಿ.

ಊಟ-ತಿಂಡಿ. ಮೆರವಣಿಗೆಯಲ್ಲಿ ಎಸೆಯೋ ಮಿಠಾಯಿಗೆ ಕಾಮೆಲ್ಲೆ ಅಂತಾರೆ, ಸುಮಾರು 300 ಟನ್ ಎಸೀತಾರಂತೆ. ಅದರಲ್ಲಿ ಮೆತ್ತನೆ ಬಣ್ಣದ ಜೆಲ್ಲಿಗಳು ಬಹಳ ಇರ್ತವೆ, ಹೆಚ್ಚಿನವು ಹಂದಿಯ ಜೆಲಾಟಿನ್‌ನಿಂದ ಮಾಡಿದ್ದು. ಅಮ್ಮನಿಗೆ ಮೊದಲೇ ಹೇಳಿಬಿಡಿ, ಚಾಕಲೇಟು, ಗಟ್ಟಿ ಮಿಠಾಯಿ ಆರಿಸ್ಕೊಳ್ಳಲಿ, ಪೊಟ್ಟಣದ ಹಿಂದೆ ಓದಿ ನೋಡಿ. ಬೇಕರಿಯಲ್ಲಿ ಈ ದಿನಗಳಲ್ಲಿ ಸಿಗೋ ಜಾಮ್ ತುಂಬಿದ ಕರಿದ ಉಂಡೆಯಲ್ಲಿ ಮೊಟ್ಟೆ ಇರುತ್ತೆ.

ಶಿವರಾತ್ರಿ ಭಾನುವಾರ ಬಿದ್ದಿದೆ, ಅಂಗಡಿ ಮುಚ್ಚಿರ್ತವೆ. ಹಣ್ಣು, ಹಾಲು, ಹೂವು ಮೊದಲೇ ತಂದಿಡಿ. ಶನಿವಾರಕ್ಕೂ ಕಾಯಬೇಡಿ, ಕಾರ್ನಿವಲ್ ವಾರದಲ್ಲಿ ಕೆಲವು ಅಂಗಡಿ ಬೇಗ ಮುಚ್ಚುತ್ವೆ. ಸಾಬುದಾಣಿ, ಅವಲಕ್ಕಿ ಲಂಕಾ ತಮಿಳರ ಅಂಗಡೀಲಿ ಸಿಗುತ್ತೆ. ಬಿಲ್ವಪತ್ರೆ ಊರಿಂದ ತರೋಕೆ ಹೇಳಬೇಡಿ, ಸಸ್ಯಗಳನ್ನ ತರೋಕೆ ಯುರೋಪಿನ ನಿಯಮ ಬಿಗಿ ಇದೆ. ಅಕ್ಷತೆ, ಹೂವಲ್ಲೇ ಪೂಜೆ ಆಗ್ಲಿ. ಜಾಗರಣೆಗಂತೂ ತೊಂದರೆ ಇಲ್ಲ, ಆ ರಾತ್ರಿ ಸ್ಯೂಡ್‌ಸ್ಟಾಟ್‌ನಲ್ಲಿ ಯಾರೂ ಮಲಗಲ್ಲ.

ಸಂಪಿಗೆ (ಕೊಲೋನ್) · 13 ಜನವರಿ, ಬೆಳಿಗ್ಗೆ 9:00

ಎಲ್ಲರೂ ಹಬ್ಬದ ಸೊಗಸು ಬರೆದಿದ್ದಾರೆ, ನಾನು ಹೆಣ್ಣುಮಗಳಾಗಿ ಇನ್ನೊಂದು ಮಾತು ಬರೀಲೇಬೇಕು. 2015ರ ಡಿಸೆಂಬರ್ 31ರ ರಾತ್ರಿ ಇದೇ ಮುಖ್ಯ ನಿಲ್ದಾಣದ ಎದುರು ನೂರಾರು ಹೆಂಗಸರ ಮೇಲೆ ದೌರ್ಜನ್ಯ ನಡೀತು. ಈ ಊರು ಅದನ್ನ ಮರೆತಿಲ್ಲ, ಮರೀಬಾರದು ಕೂಡ. ಅದರ ನಂತರ ಪೊಲೀಸರು ಎಲ್ಲೆಲ್ಲೂ ಇರ್ತಾರೆ. ಎಡೆಲ್‌ಗಾರ್ಡ್ ಅನ್ನೋ ಸಹಾಯ ಕೇಂದ್ರದ ವಾಹನ ಕಾರ್ನಿವಲ್ ದಿನಗಳಲ್ಲಿ ನಿಂತಿರುತ್ತೆ. ಯಾವ ಹೆಣ್ಣುಮಗಳಿಗೆ ಭಯವಾದ್ರೂ ಹೋಗಿ ಕೂರಬಹುದು, ಕಾರಣ ವಿವರಿಸಬೇಕಾಗಿಲ್ಲ. ಹೊಸದಾಗಿ ಓದೋಕೆ ಬಂದಿರೋ ಹುಡುಗಿಯರು ಇದನ್ನ ನೆನಪಿಟ್ಕೊಳ್ಳಿ.

ಜ್ಯೂಲ್‌ಪಿಷರ್ ಬೀದಿ ಕಡೆ ಹೋಗ್ಲೇಬೇಡಿ. ಅದು ವಿದ್ಯಾರ್ಥಿಗಳ ಅಡ್ಡಾ, ಮಧ್ಯಾಹ್ನದೊಳಗೆ ತುಂಬಿ ಪೊಲೀಸರೇ ಮುಚ್ಚಿಬಿಡ್ತಾರೆ. ಕಾರ್ನಿವಲ್ ಅಂದ್ರೆ ಅಷ್ಟೇ ಅಂತ ಹಲವರು ತಿಳ್ಕೊಳ್ಳೋದು ಆ ಒಂದು ಬೀದಿ ನೋಡಿ.

ಹಿರಿಯರಿಗೆ ಜ್ವರವೋ ಹೊಟ್ಟೆನೋವೋ ಬಂದ್ರೆ, ಡಾಕ್ಟರ್ ಕ್ಲಿನಿಕ್‌ಗಳು ಸೋಮವಾರ ಮುಚ್ಚಿರಬಹುದು. ರೊಸೆನ್‌ಮೊಂಟಾಗ್ ಕಾನೂನಿನ ಪ್ರಕಾರ ರಜೆ ಅಲ್ಲ, ಆದ್ರೆ ಈ ಊರಲ್ಲಿ ರಜೆಯೇ. 116117ಕ್ಕೆ ಫೋನ್ ಮಾಡಿದ್ರೆ ಕರ್ತವ್ಯದಲ್ಲಿರೋ ಡಾಕ್ಟರ ಬಗ್ಗೆ ಹೇಳ್ತಾರೆ. ತುರ್ತು ಅಂದ್ರೆ 112. ವೀಸಾಕ್ಕೆ ಮಾಡಿಸಿದ ವಿಮೆಯ ಪ್ರತಿ ಕಾಗದದಲ್ಲೇ ಇರಲಿ.

ಕಾಡಿನ ಅಂಚು (ಫ್ರೈಬುರ್ಗ್) · 13 ಜನವರಿ, ರಾತ್ರಿ 8:30

ಗದ್ದಲ ಬೇಡ ಅನ್ನೋರು ನಮ್ಮ ತೆಂಕಣಕ್ಕೆ ಬನ್ನಿ. ಇಲ್ಲಿ ಮರದಲ್ಲಿ ಕೆತ್ತಿದ ಮುಖವಾಡ, ಮೈತುಂಬ ಗಂಟೆ. ರೊಟ್‌ವೈಲ್‌ನಲ್ಲಿ ಸೋಮವಾರ ಬೆಳಿಗ್ಗೆ ಎಂಟಕ್ಕೆ ಹಳೇ ಊರಬಾಗಿಲಿನಿಂದ ಮುಖವಾಡದವರು ಜಿಗೀತಾ ಇಳಿದು ಬರ್ತಾರೆ. ಕೆಲವು ಮುಖವಾಡ ಒಂದೇ ಮನೆಯಲ್ಲಿ ತಲೆತಲಾಂತರದಿಂದ ಬಂದವು. ಗುಡಿಗಾರರ ಮರದ ಕೆತ್ತನೆ ನೋಡಿ ಬೆಳೆದ ಸಾಗರ, ಶಿರಸಿ ಕಡೆಯವರಿಗೆ ನೋಡಿದ ತಕ್ಷಣ ಮನಸ್ಸಿಗೆ ಹತ್ತಿರವಾಗುತ್ತೆ.

ತುಂಗೆಯ ಮಗಳು (ಕೊಲೋನ್) · 14 ಜನವರಿ, ರಾತ್ರಿ 9:50

ಸಂಕ್ರಾಂತಿಯ ಎಳ್ಳು-ಬೆಲ್ಲ ಎಲ್ಲರಿಗೂ. ಇಷ್ಟು ಪ್ರೀತಿಯಿಂದ ಬರೀತೀರಿ ಅಂತ ಅಂದ್ಕೊಂಡಿರ್ಲಿಲ್ಲ. ಅಮ್ಮನಿಗೆ ಫೋನಲ್ಲಿ ಎಲ್ಲಾ ಓದಿ ಹೇಳಿದೆ. ಅಗಸಗಿತ್ತಿಯರ ಕತೆ ಕೇಳಿ ಅಮ್ಮ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ, ಆಮೇಲೆ "ಟಿಕೆಟ್ ಬದಲಿಸಬೇಡ, ಅದನ್ನ ನೋಡ್ಬೇಕು" ಅಂದ್ರು. ಅಪ್ಪನಿಗೆ ಕಾಮಣ್ಣನ ವಿಷಯ ಹಿಡಿಸಿದೆ.

ಒಗ್ಗರಣೆ ಅಕ್ಕಾ, ಸೀಗ್‌ಬುರ್ಗ್‌ಗೆ ಬರ್ತೀವಿ. ಫ್ರಾಂಕ್‌ಫರ್ಟ್‌ಗೆ ನಾನೇ ಹೋಗಿ ಕರ್ಕೊಂಡು ಬರ್ತೀನಿ. ಚೀಟಿ ಎರಡು ಬರೆದಿಟ್ಟಿದ್ದೀನಿ.

ಎರಡು ಪ್ರಶ್ನೆ ಉಳಿದಿವೆ. ಸೋಮವಾರ ಅಪ್ಪನಿಗೆ ಗಂಟೆಗಟ್ಟಲೆ ನಿಲ್ಲೋಕೆ ಆಗಲ್ಲ, ಹೇಗೆ? ಇನ್ನೊಂದು, ಹಾಮ್ ಅಂದ ತಕ್ಷಣ ಅಮ್ಮ "ಅಲ್ಲೇ ಅಲ್ವಾ ದೊಡ್ಡ ಅಮ್ಮನವರ ಗುಡಿ ಇರೋದು?" ಅಂತ ಕೇಳಿದ್ರು.

ಬಿಸಿಬೇಳೆಬಾತ್ (ಮ್ಯೂನಿಕ್) · 14 ಜನವರಿ, ರಾತ್ರಿ 10:15

ಸೀಗ್‌ಬುರ್ಗ್ ದಾರಿ ನನಗೆ ಹೊಳೆದೇ ಇರ್ಲಿಲ್ಲ. ಹಾಗಿದ್ರೆ ನನ್ನ ತಕರಾರಿಲ್ಲ. ವೇಗದ ರೈಲಿನಲ್ಲಿ ಸೀಟು ಕಾದಿರಿಸೋದು ಮಾತ್ರ ಮರೀಬೇಡಿ, ಮತ್ತೆ ವಿಮಾನ ನಿಲ್ದಾಣದಲ್ಲಿ ಎರಡು ರೈಲು ನಿಲ್ದಾಣ ಇವೆ. ನಿಮಗೆ ಬೇಕಾದ್ದು ದೂರದ ರೈಲುಗಳದ್ದು, ಮೊದಲ ಟರ್ಮಿನಲ್‌ನಿಂದ ಸೇತುವೆ ದಾಟಿ ಹೋಗ್ಬೇಕು. ಮಂಡಿನೋವಿಗೆ ಗಾಲಿಕುರ್ಚಿ ಸಹಾಯ ಈಗಲೇ ವಿಮಾನದವರಿಗೆ ಹೇಳಿ.

ಕುಡ್ಲದ ಗಾಳಿ (ಡ್ಯೂಸೆಲ್ಡಾರ್ಫ್) · 15 ಜನವರಿ, ಬೆಳಿಗ್ಗೆ 7:40

ಹೌದು, ಅಮ್ಮನವರು ಹೇಳಿದ್ದು ಸರಿ. ಹಾಮ್‌ನ ಉಯೆಂಟ್ರೋಪ್‌ನಲ್ಲಿ ಕಾಮಾಕ್ಷಿ ಅಮ್ಮನ ದೇವಸ್ಥಾನ, ಲಂಕಾದಿಂದ ನಿರಾಶ್ರಿತರಾಗಿ ಬಂದ ತಮಿಳರು ಕಟ್ಟಿದ್ದು, 2002ರಲ್ಲಿ ಕುಂಭಾಭಿಷೇಕ ಆದದ್ದು. ಸುತ್ತ ಕೈಗಾರಿಕಾ ಪ್ರದೇಶ, ನಡುವೆ ಬಣ್ಣಬಣ್ಣದ ಗೋಪುರ. ರಥೋತ್ಸವ ಬೇಸಿಗೆಯ ಆರಂಭದಲ್ಲಿ, ಯುರೋಪಿನ ಮೂಲೆಮೂಲೆಯಿಂದ ಸಾವಿರಾರು ಜನ ಬರ್ತಾರೆ. ನಿಮ್ಮವರು ಅಷ್ಟರವರೆಗೆ ಇಲ್ಲಿದ್ದರೆ ತಪ್ಪಿಸ್ಬೇಡಿ. ದೇವಸ್ಥಾನ ನಿಲ್ದಾಣದಿಂದ ದೂರ ಉಂಟು, ಬಸ್ಸು ಹಿಡೀಬೇಕು. ಪೂಜೆಯ ಹೊತ್ತು ಮೊದಲೇ ನೋಡಿಟ್ಟುಕೊಳ್ಳಿ, ಮಧ್ಯಾಹ್ನ ಬಾಗಿಲು ಹಾಕಿರ್ತದೆ. ಅಪ್ಪ ಅವತ್ತು ಕಳೆದುಹೋಗಿ ಸಿಕ್ಕಿದ ಮೇಲೆ ಅಮ್ಮ ಕಟೀಲಿನ ಹರಕೆಗೂ ಕಾಯದೆ ಮರುವಾರವೇ ಅಲ್ಲಿಗೆ ಹೋಗಿ ಕಾಯಿ ಒಡೆಸಿದ್ರು.

ಹಲಗಿ ಮ್ಯಾಳ (ಕೊಲೋನ್, ಮೂಲ ಧಾರವಾಡ) · 15 ಜನವರಿ, ಸಂಜೆ 7:05

ಸೋಮವಾರದ್ದು ನನಗ ಬಿಡು ತಂಗಿ. ಮೆರವಣಿಗಿ ಹತ್ತರ ಸುಮಾರಿಗೆ ಹೊರಡ್ತದ, ನಾವು ಒಂಬತ್ತಕ್ಕ ಹೋಗಿ ಜಾಗ ಹಿಡಿಯೂಣು. ಮಡಚೋ ಕುರ್ಚಿ ಎರಡು ನಾ ತರ್ತೇನಿ. ಮುಂದಿನ ಸಾಲಿನಾಗ ಹಿರಿಯಾರು ಕೂತ್ರ ಇಲ್ಲಿ ಮಂದಿ ತಾವ ಸರದು ಜಾಗ ಬಿಡ್ತಾರ, ಮಿಠಾಯಿ ಹುಡುಕಿ ಕೈಗೆ ತಂದು ಕೊಡ್ತಾರ. ಅಪ್ಪಾರಿಗೆ ಸಣ್ಣ ಹೂವಿನ ಗೊಂಚಲೂ ಸಿಗ್ತದ, ಅದನ್ನ ಮೆರವಣಿಗ್ಯಾಗ ನಡಕೊಂಡು ಹೋಗಾವರು ಬಂದು ಕೈಯಾಗ ಕೊಡ್ತಾರ. ಅವ್ವಾರು ಇಳಕಲ್ ಸೀರಿ ಉಟ್ಕೊಂಡು, ಒಳಗ ದಪ್ಪನ್ನ ಉಣ್ಣಿ ಬಟ್ಟಿ ಹಾಕ್ಕೊಳ್ಳಲಿ. ಕಾಲಿಗೆ ಎರಡು ಜೋಡಿ ಸಾಕ್ಸು. 'ಕೊಲ್ಲೆ ಅಲಾಫ್' ಅಂತ ಒದರೋದು ಇಬ್ಬರಿಗೂ ಈಗಿಂದನ ರೂಢಿ ಮಾಡಸು. ಕುಡ್ಲದಾವರು ಕಲಿಸಿದ್ರಂತ 'ಹೆಲಾವ್' ಅಂದಗಿಂದಾರು, ಅದು ಡ್ಯೂಸೆಲ್ಡಾರ್ಫಿನ ಕೂಗು, ಇಲ್ಲಿ ನಡಿಯೂದಿಲ್ಲ.

ಛತ್ರಿ ಮಾತ್ರ ನೀ ತಾ, ದೊಡ್ಡದು. ಮಳಿಗೆ ಅಲ್ಲ, ತಿರುವಿ ಹಿಡದು ಮಿಠಾಯಿ ತುಂಬಿಸಾಕ.